ತೀರಿಸಿದ ಸಾಲ ಸಿಬಿಲ್ ವರದಿಯಲ್ಲಿ ಇನ್ನೂ ಬಾಕಿ ಎಂದಿದ್ದರೆ: ತಿದ್ದಿಸಿಕೊಳ್ಳುವುದು ಹೇಗೆ?

ಮನೆ ಕಟ್ಟಲೆಂದೋ ಮಕ್ಕಳ ಓದಿಗೆಂದೋ ಸಾಲ ಕೇಳಲು ಹೋದಾಗ ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ಬ್ಯಾಂಕಿನವರು ಹೇಳಿಬಿಟ್ಟರೆ, ಹೆಚ್ಚಿನವರು ಅದನ್ನೇ ಕೊನೆಯ ಮಾತೆಂದು ತಿಳಿದು ಹಿಂದಿರುಗುತ್ತಾರೆ. ಸಿಬಿಲ್ ಎಂದರೆ ನೀವು ಪಡೆದ ಸಾಲಗಳ ಮತ್ತು ಅವನ್ನು ತೀರಿಸಿದ ರೀತಿಯ ದಾಖಲೆ. ಎಂದೋ ತೀರಿಸಿದ ಬೈಕ್ ಸಾಲ ಅಲ್ಲಿ ಇನ್ನೂ ಬಾಕಿ ಎಂದಿರಬಹುದು. ಹೆಸರು ಹೋಲುವ ಬೇರೊಬ್ಬರ ಸಾಲ ನಿಮ್ಮ ಲೆಕ್ಕಕ್ಕೆ ಸೇರಿರಬಹುದು. ಇಂಥ ತಪ್ಪನ್ನು ತಿದ್ದಿಸಿಕೊಳ್ಳುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆ ಸಾಲಗಾರನಿಗೆ ಕೊಟ್ಟಿರುವ ಹಕ್ಕು. ಇದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ. ಹಣ ಕೊಟ್ಟರೆ ಸ್ಕೋರ್ (ಈ ದಾಖಲೆಯ ಆಧಾರದ ಮೇಲೆ ಸಿಗುವ ಅಂಕ) ಏರಿಸಿಕೊಡುತ್ತೇವೆ ಎಂದು ಕರೆ ಮಾಡುವವರು ಹೆಚ್ಚೆಂದರೆ ನೀವೇ ಹಾಕಬಹುದಾದ ಅರ್ಜಿಯನ್ನು ಹಾಕಬಲ್ಲರು. ಅವರ ಕೈಗೆ ಪ್ಯಾನ್ ಮತ್ತು ಒಟಿಪಿ ಕೊಡುವುದು ಹೊಸ ಅಪಾಯವನ್ನು ಮೈಮೇಲೆ ಎಳೆದುಕೊಂಡಂತೆ.

ಮೊದಲ ಹೆಜ್ಜೆ, ಪೂರ್ತಿ ವರದಿಯನ್ನು ಪಡೆಯುವುದು. ‘ಸಿಬಿಲ್’ ಎಂದು ನಾವು ಒಟ್ಟಾಗಿ ಕರೆದರೂ ದೇಶದಲ್ಲಿ ಈ ದಾಖಲೆ ಇಡುವ ಕ್ರೆಡಿಟ್ ಮಾಹಿತಿ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ 2017ರಿಂದ ಇವುಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ಸ್ಕೋರ್ ಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಫೋನಿನ ಆ್ಯಪ್‌ಗಳು ತೋರಿಸುವ ಸ್ಕೋರಿನ ಸಂಖ್ಯೆ ಈ ಕೆಲಸಕ್ಕೆ ಸಾಲದು, ಏಕೆಂದರೆ ತಪ್ಪು ಅಡಗಿರುವುದು ಸ್ಕೋರಿನಲ್ಲಲ್ಲ, ಅದರ ಹಿಂದಿರುವ ಖಾತೆವಾರು ವಿವರದಲ್ಲಿ. ನಾಲ್ಕೂ ಕಂಪನಿಗಳ ವೆಬ್‌ಸೈಟಿನಿಂದ ವರದಿ ಇಳಿಸಿಕೊಳ್ಳಿ. ಒಂದರಲ್ಲಿ ಇಲ್ಲದ ತಪ್ಪು ಇನ್ನೊಂದರಲ್ಲಿ ಇರುವುದುಂಟು.

ವರದಿಯನ್ನು ಓದುವಾಗ ಆತುರ ಬೇಡ. ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಮೊದಲು ನೋಡಿ. ನಮ್ಮಲ್ಲಿ ತಂದೆಯ ಹೆಸರಿನ ಅಥವಾ ಊರಿನ ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತವೂ ಬದಲಾಗುತ್ತದೆ. ಇಬ್ಬರ ದಾಖಲೆ ಬೆರೆತುಹೋಗುವುದಕ್ಕೆ ಇಂಥ ವ್ಯತ್ಯಾಸಗಳೂ ಕಾರಣವಾಗಬಲ್ಲವು. ಬಳಿಕ ಒಂದೊಂದೇ ಸಾಲದ ಖಾತೆಗೆ ಬನ್ನಿ. ಅದು ನಿಮ್ಮದೇ? ಮುಗಿದಿದ್ದರೆ ‘ಕ್ಲೋಸ್ಡ್’ ಎಂದಿದೆಯೇ? ಬಾಕಿ ಮೊತ್ತ ಸೊನ್ನೆಯಿದೆಯೇ? ತಿಂಗಳುವಾರು ಕಾಲಂನಲ್ಲಿರುವ ಡಿಪಿಡಿ ಎಂಬುದು ಕಂತು ಎಷ್ಟು ದಿನ ತಡವಾಗಿದೆ ಎಂಬುದರ ಲೆಕ್ಕ. ಅಲ್ಲಿ ‘000’ ಇದ್ದರೆ ಬಾಕಿಯಿಲ್ಲ ಎಂದರ್ಥ. ‘60’ ಎಂದಿದ್ದು ನೀವು ಸಮಯಕ್ಕೆ ಕಟ್ಟಿದ್ದರೆ ಅದು ಆಕ್ಷೇಪಿಸಲೇಬೇಕಾದ ತಪ್ಪು.

ಯಾವುದು ತಪ್ಪಲ್ಲ ಎಂಬುದನ್ನೂ ತಿಳಿದಿರಬೇಕು, ಇಲ್ಲವಾದರೆ ಶ್ರಮ ವ್ಯರ್ಥವಾಗುತ್ತದೆ. ಬ್ಯಾಂಕಿನೊಡನೆ ಮಾತಾಡಿ ಕಡಿಮೆ ಮೊತ್ತಕ್ಕೆ ಒನ್ ಟೈಮ್ ಸೆಟಲ್‌ಮೆಂಟ್ ಮಾಡಿಕೊಂಡ ಸಾಲವು ‘ಸೆಟಲ್ಡ್’ ಎಂದೇ ದಾಖಲಾಗುತ್ತದೆ. ಅದನ್ನು ‘ಕ್ಲೋಸ್ಡ್’ ಮಾಡಿಸಲು ಬಿಟ್ಟ ಮೊತ್ತವನ್ನು ಕಟ್ಟುವ ಬಗ್ಗೆ ಬ್ಯಾಂಕಿನ ಜೊತೆಗೇ ಮಾತಾಡಬೇಕು. ನೆಂಟರ ಸಾಲಕ್ಕೆ ಜಾಮೀನು ಹಾಕಿದ್ದರೆ ಆ ಖಾತೆ ನಿಮ್ಮ ವರದಿಯಲ್ಲಿ ಕಾಣುವುದೂ ಸರಿಯೇ. ಇನ್ನು, ಕೊನೆಯ ಕಂತು ಕಟ್ಟಿದ ಮರುದಿನವೇ ವರದಿ ಬದಲಾಗದು. 2025ರ ಜನವರಿಯಿಂದ ಸಾಲ ಕೊಟ್ಟ ಸಂಸ್ಥೆಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾಗಿರುವುದರಿಂದ, ಈಗಷ್ಟೇ ಮುಗಿದ ಸಾಲವಾಗಿದ್ದರೆ ಒಂದು ತಿಂಗಳು ಕಾದು ನೋಡುವುದು ಉತ್ತಮ.

ತಪ್ಪು ಖಚಿತವಾದ ಮೇಲೆ ಕಾಗದಪತ್ರ ಜೋಡಿಸಿ. ಬೇಬಾಕಿ ಪ್ರಮಾಣಪತ್ರ ಅಥವಾ ಎನ್‌ಒಸಿ, ಸಾಲದ ಖಾತೆಯ ಸ್ಟೇಟ್‌ಮೆಂಟ್, ಕೊನೆಯ ಕಂತಿನ ರಸೀದಿ ಮತ್ತು ಪ್ಯಾನ್ ಪ್ರತಿ ಇದ್ದರೆ ಬಹುತೇಕ ಸಂದರ್ಭಗಳಿಗೆ ಸಾಕು. ಬೇಬಾಕಿ ಪತ್ರ ಕಳೆದುಹೋಗಿದ್ದರೆ ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಮತ್ತೊಂದು ಪ್ರತಿ ಕೇಳಿ. ಬ್ಯಾಂಕೇ ವಿಲೀನವಾಗಿದ್ದರೆ ಹಳೆಯ ಸಾಲಕ್ಕೆ ಉತ್ತರಿಸಬೇಕಾದುದು ಈಗಿನ ಬ್ಯಾಂಕ್: ವಿಜಯಾ ಬ್ಯಾಂಕಿನ ಸಾಲಕ್ಕೆ ಬ್ಯಾಂಕ್ ಆಫ್ ಬರೋಡಾ, ಸಿಂಡಿಕೇಟ್ ಬ್ಯಾಂಕಿನದಕ್ಕೆ ಕೆನರಾ, ಕಾರ್ಪೊರೇಷನ್ ಬ್ಯಾಂಕಿನದಕ್ಕೆ ಯೂನಿಯನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನದಕ್ಕೆ ಎಸ್‌ಬಿಐ. ನೀವು ಪಡೆಯದೇ ಇರುವ ಸಾಲ ನಿಮ್ಮ ಪ್ಯಾನ್ ಮೇಲೆ ಕಂಡರೆ ಅದು ವಂಚನೆಯೂ ಆಗಿರಬಹುದು. ಆಗ 1930 ಸಹಾಯವಾಣಿಗೆ ಅಥವಾ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಪ್ರತಿಯನ್ನೂ ಆಕ್ಷೇಪಣೆಯ ಜೊತೆ ಲಗತ್ತಿಸಿ.

ಈಗ ಮುಖ್ಯ ಹೆಜ್ಜೆ. ಕ್ರೆಡಿಟ್ ಮಾಹಿತಿ ಕಂಪನಿಯು ತಾನಾಗಿ ಯಾವ ಅಂಕಿಯನ್ನೂ ಬದಲಾಯಿಸುವುದಿಲ್ಲ. ಆಕ್ಷೇಪಣೆ ಬಂದಾಗ ಅದು ಸಾಲ ಕೊಟ್ಟ ಸಂಸ್ಥೆಯನ್ನು ಕೇಳುತ್ತದೆ. ಆ ಸಂಸ್ಥೆ ಒಪ್ಪಿ ಹೊಸ ಮಾಹಿತಿ ಕಳುಹಿಸಿದರೆ ಮಾತ್ರ ತಿದ್ದುಪಡಿಯಾಗುತ್ತದೆ. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರ ಕೆಲಸ ಹೆಚ್ಚಾಗಿ ನಿಂತಿರುವುದು ಇಲ್ಲಿಯೇ. ಆದ್ದರಿಂದ ಒಂದೇ ದಿನ ಎರಡೂ ಕಡೆ ದೂರು ಕೊಡಿ ಎಂಬುದು ನನ್ನ ಸಲಹೆ. ಮಾಹಿತಿ ಕಂಪನಿಯ ವೆಬ್‌ಸೈಟಿನಲ್ಲಿ ‘ಡಿಸ್ಪ್ಯೂಟ್’ ವಿಭಾಗಕ್ಕೆ ಹೋಗಿ, ಯಾವ ಖಾತೆಯ ಯಾವ ಕಾಲಂ ತಪ್ಪು, ಸರಿಯಾದುದು ಯಾವುದು ಎಂದು ನಿರ್ದಿಷ್ಟವಾಗಿ ನಮೂದಿಸಿ. ಸಿಬಿಲ್ ಆದರೆ ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಕೈಯಲ್ಲಿರಲಿ. ಅದೇ ದೂರನ್ನು ದಾಖಲೆ ಸಹಿತ ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ, ಅಥವಾ ಶಾಖೆಯಲ್ಲಿ ಕೊಟ್ಟು ಮೊಹರು ಮತ್ತು ದಿನಾಂಕ ಇರುವ ಸ್ವೀಕೃತಿ ಪಡೆಯಿರಿ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಆಗುತ್ತೆ, ಹೋಗಿ’ ಎಂದರೆ ಅದಕ್ಕೆ ಯಾವ ದಾಖಲೆಯೂ ಉಳಿಯದು.

ಆ ದಿನಾಂಕಕ್ಕೆ ಬೆಲೆಯಿದೆ. ದೂರು ಮೊದಲು ದಾಖಲಾದ ದಿನದಿಂದ 30 ದಿನಗಳೊಳಗೆ ವಿಷಯ ಇತ್ಯರ್ಥವಾಗದಿದ್ದರೆ, ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಾಲ ಕೊಟ್ಟ ಸಂಸ್ಥೆಯು 21 ದಿನಗಳೊಳಗೆ ತಿದ್ದಿದ ಮಾಹಿತಿ ಕಳುಹಿಸದೆ ತಡವಾದರೆ ಆ ಸಂಸ್ಥೆಯೂ, ಅದು ಸಮಯಕ್ಕೆ ಕಳುಹಿಸಿದ ಮೇಲೂ ಮಾಹಿತಿ ಕಂಪನಿ ತಡಮಾಡಿದರೆ ಆ ಕಂಪನಿಯೂ ಹಣ ಕೊಡಬೇಕು. ಐವತ್ತನೆಯ ದಿನ ಸರಿಹೋದರೆ ನಿಮಗೆ ಸಲ್ಲುವುದು 2,000 ರೂಪಾಯಿ. ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಅದು ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಸ್ಕೋರ್ ಲೆಕ್ಕ ಹಾಕುವ ವಿಧಾನದ ಬಗೆಗಿನ ತಕರಾರಿಗೆ ಈ ಪರಿಹಾರ ಅನ್ವಯಿಸದು. ತಿದ್ದುಪಡಿಗೆ ಒಪ್ಪದಿದ್ದರೆ ಅದರ ಕಾರಣವನ್ನೂ ನಿಮಗೆ ತಿಳಿಸಲೇಬೇಕು; ‘ಮಾಹಿತಿ ಸರಿಯಿದೆ’ ಎಂಬ ಒಂದು ಸಾಲಿನ ಉತ್ತರ ಬಂದರೆ ಯಾವ ದಾಖಲೆಯ ಆಧಾರದ ಮೇಲೆ ಹಾಗೆಂದರೆಂದು ಲಿಖಿತವಾಗಿ ಕೇಳಿ.

ಮೂವತ್ತು ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯೊಳಗೆ ಬಂದಿವೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ದಾಖಲಿಸಬಹುದು. 14448ಕ್ಕೆ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು. ಮೊದಲು ಕೊಟ್ಟ ದೂರಿನ ಪ್ರತಿ ಮತ್ತು ಅದರ ಸ್ವೀಕೃತಿ ಇಲ್ಲಿ ಬೇಕೇ ಬೇಕು. ಸಂಸ್ಥೆಗೆ ದೂರು ಕೊಡದೆ ನೇರವಾಗಿ ಇಲ್ಲಿಗೆ ಬಂದರೆ ಅರ್ಜಿ ನಿಲ್ಲುವುದಿಲ್ಲ.

ತಿದ್ದುಪಡಿಯಾಗಿದೆ ಎಂಬ ಸಂದೇಶ ಬಂದ ಮೇಲೆ ಹೊಸ ವರದಿ ತೆಗೆದು ಆ ಖಾತೆಯ ಸ್ಥಿತಿ, ಬಾಕಿ, ಡಿಪಿಡಿ ಮೂರನ್ನೂ ಮತ್ತೆ ನೋಡಿ. ಉಳಿದ ಮೂರು ಕಂಪನಿಗಳ ವರದಿಯಲ್ಲಿ ಅದೇ ತಪ್ಪು ಉಳಿದಿದ್ದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆ ಪತ್ರವನ್ನು ಲಗತ್ತಿಸಿ ಅಲ್ಲಿಯೂ ಆಕ್ಷೇಪಣೆ ಸಲ್ಲಿಸಿ. ಅರ್ಜಿ ತಿರಸ್ಕರಿಸಿದ್ದ ಬ್ಯಾಂಕಿಗೆ ಈ ಸುದ್ದಿ ತಾನಾಗಿ ಮುಟ್ಟುವುದಿಲ್ಲವಾದ್ದರಿಂದ, ತಿದ್ದಿದ ವರದಿಯ ಪ್ರತಿಯೊಂದಿಗೆ ಹೊಸದಾಗಿ ಅರ್ಜಿ ಕೊಡಬೇಕು.