ಕಚೇರಿಯ ಅಲಂಕಾರ ಸ್ಪರ್ಧೆಗೆ ಗೋದಾಮಿನ ಸಾಮಗ್ರಿಯೇ ಸಾಕು
ಶಾಲಾ ಸಾಮಗ್ರಿಗಳನ್ನು ಪೂರೈಸುವ ಕಂಪನಿಗಳಲ್ಲಿ, ಋತು ಬದಲಾದಾಗ ಕಚೇರಿಯನ್ನು ಸಿಂಗರಿಸುವ ಸ್ಪರ್ಧೆ ಏರ್ಪಡಿಸುವವರು ಹೊಸ ವಸ್ತುಗಳನ್ನು ಕೊಳ್ಳುವ ಮೊದಲು, ಅಂಚು ಮಡಚಿಹೋಗಿ ಮಾರಾಟಕ್ಕೆ ಬಾರದ ಚಾರ್ಟ್ ಪೇಪರ್, ಬಣ್ಣದ ಹಾಳೆ, ಮುರಿದ ಸೀಮೆಸುಣ್ಣಗಳನ್ನು ದಾಸ್ತಾನಿನ ಲೆಕ್ಕದಿಂದ ತೆಗೆಸಿ ಒಂದು ಪೆಟ್ಟಿಗೆಯಲ್ಲಿ ಕೂಡಿಡುವುದು ಒಳ್ಳೆಯದು. ಶಾಲೆಗಳು ತೆರೆಯುವ ಮುಂಚಿನ ವಾರಗಳಲ್ಲಿ ಮಾತ್ರ ಈ ಸ್ಪರ್ಧೆ ಬೇಡ. ಆಗ ಪ್ಯಾಕಿಂಗ್ ವಿಭಾಗದವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ಅವರನ್ನು ಬಿಟ್ಟು ನಡೆಸುವ ಸಂಭ್ರಮ ನನಗೆ ಸರಿಯೆನಿಸದು. ಅಗ್ಗದ ಬಣ್ಣದ ಹಾಳೆಯ ತಿರುಳಿನಲ್ಲಿ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಅದು ಬಿಸಿಲಿಗೆ ಬೇಗ ಬಣ್ಣಗೆಡುತ್ತದೆ. ಆದ್ದರಿಂದ ಕತ್ತರಿಸಿದ ಎಲೆ, ಹೂಗಳನ್ನು ಕಿಟಕಿಯಿಂದ ದೂರದ ಗೋಡೆಗೆ ಅಂಟಿಸಬೇಕು. ಗ್ಲಿಟರ್ ಪುಡಿಯನ್ನಂತೂ ಪ್ಯಾಕಿಂಗ್ ಮೇಜಿನ ಹತ್ತಿರ ಸುಳಿಯಗೊಡಬಾರದು, ಏಕೆಂದರೆ ಅದು ಟೇಪಿಗೆ ಮೆತ್ತಿಕೊಂಡು, ರವಾನೆಯಾಗಬೇಕಾದ ನೋಟ್‌ಬುಕ್‌ಗಳ ರಟ್ಟಿನ ಮೇಲೂ ಕೂರುತ್ತದೆ.