ನೆರೆ ಬಂದು ಮನೆ ಬಿಟ್ಟಾಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಬಗೆ

ಮಲಪ್ರಭೆ, ಬೆಣ್ಣಿಹಳ್ಳ, ವರದಾ ಉಕ್ಕಿದಾಗ ನರಗುಂದ, ನವಲಗುಂದ, ಹಾವೇರಿ ಕಡೆಯ ಹೊಳೆದಂಡೆಯವರು ಸಾಲಿ ಕೋಣೆಯ ಕಾಳಜಿ ಕೇಂದ್ರಕ್ಕೆ ಬಂದು ಸೇರುತ್ತಾರೆ. 2019ರ ಆಗಸ್ಟ್‌ನಲ್ಲೂ ಹೀಗೇ ಆಯಿತು. ದೊಡ್ಡವರ ತಲೆ ತುಂಬ ದನ, ಬೆಳೆ, ಪಂಚನಾಮೆ. ಎರಡರಿಂದ ಆರು ವರ್ಷದ ಮಗುವಿನ ಚಿಂತೆಯೇ ಬೇರೆ: ರಾತ್ರಿ ಎಲ್ಲಿ ಮಲಗುವುದು, ಮಗ್ಗಲಲ್ಲಿ ಯಾರಿರುತ್ತಾರೆ, ಅವ್ವ ಬಿಟ್ಟು ಹೋಗುತ್ತಾಳೋ ಏನೋ.

"ನಮ್ಮ ಮನಿ ಎಲ್ಲಿ ಹೋತವ್ವಾ?" ಎಂದು ಕೇಳಿದರೆ "ಏನೂ ಆಗಿಲ್ಲ" ಎನ್ನಬೇಡಿ, ಗೋಡೆ ಬಿದ್ದದ್ದನ್ನು ಅದು ಕಣ್ಣಾರೆ ಕಂಡಿದೆ. "ನಾಳೆ ಹೋಗೂಣು" ಎಂಬ ಮಾತೂ ಬೇಡ. ಇಷ್ಟು ಸಾಕು: "ಮಳಿಗೆ ಗ್ವಾಡಿ ಬಿತ್ತು. ನಾವೆಲ್ಲಾರೂ ಹೊರಗ ಬಂದೀವಿ. ಇವತ್ತ ಸಾಲ್ಯಾಗ ಮಲಗೂಣು, ನಾ ನಿನ್ನ ಮಗ್ಗಲದಾಗ ಇರತೀನಿ." ಅದೇ ಪ್ರಶ್ನೆ ದಿನಕ್ಕೆ ಹತ್ತು ಸಲ ಬಂದೀತು, ಹತ್ತೂ ಸಲ ಇದೇ ಉತ್ತರ ಕೊಡಿ. ಅವ್ವ ಒಂದು, ಅಜ್ಜಿ ಇನ್ನೊಂದು ಹೇಳಿದರೆ ಮಗು ಯಾರನ್ನೂ ನಂಬುವುದಿಲ್ಲ. ಏನು ಹೇಳಬೇಕೆಂದು ಮನೆಮಂದಿ ಮೊದಲೇ ಗೊತ್ತು ಮಾಡಿಕೊಳ್ಳಿ.

ಹೆಚ್ಚು ಕೆಡುವುದು ಅಗಲುವಾಗ. ಮಗುವನ್ನು ಅಜ್ಜಿ ಊರಿಗೆ ಬಿಡುವಾಗಲೋ, ಅಪ್ಪ ಗೋವಾಕ್ಕೆ ದುಡಿಯಲು ಹೊರಟಾಗಲೋ, ಅಳುತ್ತದೆಂದು ನಿದ್ದೆಯಲ್ಲಿದ್ದಾಗ ಜಾಗ ಖಾಲಿ ಮಾಡುವ ರೂಢಿ ನಮ್ಮಲ್ಲಿದೆ. ಅವತ್ತಿನ ಅಳು ತಪ್ಪುತ್ತದೆ, ನಿಜ. ಆದರೆ ಕಣ್ಣು ಮುಚ್ಚಿದರೆ ಮಂದಿ ಮಾಯವಾಗುತ್ತಾರೆಂದು ತಿಳಿದ ಮಗು ಮರುದಿನದಿಂದ ನಿದ್ದೆಗೇ ಅಂಜುತ್ತದೆ. ಎಚ್ಚರವಿದ್ದಾಗಲೇ ಹೇಳಿ ಹೊರಡಿ, ಅತ್ತರೆ ಅಳಲಿ. ಉಟ್ಟು ಬಿಟ್ಟ ಸೀರೆಯನ್ನೋ ಅಂಗಿಯನ್ನೋ ತೊಳೆಯದೆ ಕೊಟ್ಟು ಹೋಗಿ. ಮಲಗುವಾಗ ಆ ವಾಸನೆ ಬೇಕಾಗುತ್ತದೆ. "ಎಂಟು ದಿನ" ಎಂದರೆ ನಾಲ್ಕು ವರ್ಷದ್ದಕ್ಕೆ ತಿಳಿಯದು. ಒಂದು ಲಾಡಿಗೆ ಎಂಟು ಸಡಿಲ ಗಂಟು ಹಾಕಿ ಅಜ್ಜಿಯ ಕೈಗೆ ಕೊಡಿ, ದಿನಕ್ಕೊಂದು ಬಿಚ್ಚಿಸಲಿ. ಬರುವ ದಿನ ನಿಮಗೇ ಖಾತ್ರಿಯಿಲ್ಲವೇ? ಗಂಟಿನ ಗೊಡವೆ ಬೇಡ, ದಿನವೂ ಒಂದೇ ಹೊತ್ತಿಗೆ, ಊಟವಾದ ಮೇಲೆ, ಫೋನ್ ಮಾಡಿ.

ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದನ್ನು, ಬೆರಳು ಚೀಪುವುದನ್ನು ಬಿಟ್ಟಿದ್ದ ಮಗು ಅದನ್ನು ಮತ್ತೆ ಶುರು ಮಾಡೀತು. ಅದು ಹಟವಲ್ಲ, ಅಂಜಿಕೆ. ಮಲಗುವ ಮುಂಚೆ ಹೊರಗೆ ಕರೆದೊಯ್ಯಿರಿ, ಕೌದಿಯ ಕೆಳಗೆ ತಾಡಪತ್ರಿ ಹಾಸಿ, ಒಂದು ಜೊತೆ ಒಣ ಬಟ್ಟೆ ತಲೆದೆಸೆಯಲ್ಲಿರಲಿ. ಹತ್ತು ಮನೆಯವರು ಮಲಗುವ ಕೋಣೆಯಲ್ಲಿ ಬೈದು ನಾಚಿಸಿದರೆ ಅದು ಇನ್ನಷ್ಟು ದಿನ ಮುಂದುವರಿಯುತ್ತದೆ. "ಪೊಲೀಸ್ ಬರ್ತಾನ" ಎಂಬ ಬೆದರಿಕೆಯನ್ನಂತೂ ಬಿಟ್ಟೇಬಿಡಿ: ತಪ್ಪಿಸಿಕೊಂಡ ಮಗು ನಾಳೆ ಅದೇ ಪೊಲೀಸರ ಹತ್ತಿರ ಹೋಗಬೇಕು. ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಜೇಬಿಗೆ ಹೊಲಿಯಿರಿ. ಮಕ್ಕಳ ಸಹಾಯವಾಣಿ 1098.

ಗೋಡೆ ಬೀಳುವ, ಹೊಳೆ ಬರುವ ಆಟವನ್ನೇ ಮಕ್ಕಳು ಮತ್ತೆ ಮತ್ತೆ ಆಡುತ್ತಾರೆ. ಅಪಶಕುನವೆಂದು ತಡೆಯಬೇಡಿ. ಆದರೆ ಆಟಿಕೆ ತರಲೆಂದು ಹಳೆಮನೆಯೊಳಗೆ ಬಿಡಬೇಡಿ. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಬೀಳುತ್ತದೆ.

ಹೊಟ್ಟೆನೋವು ಎಂದರೆ ಅಂಜಿಕೆಯಿಂದಲೂ ಇರಬಹುದು, ಆದರೆ ಮೊದಲು ಭೇದಿ ಇದೆಯೇ ನೋಡಿ. ಇದ್ದರೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಲೋಟಕ್ಕಿಷ್ಟು ಎಂದು ಅಂದಾಜಿಗೆ ಬೆರೆಸಿದರೆ ಉಪ್ಪು ಹೆಚ್ಚಾಗಿ ತೊಂದರೆಯಾಗುತ್ತದೆ. ಚಮಚೆಯಿಂದ ಕುಡಿಸಿ, 24 ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಿ. ಕಣ್ಣು ಗುಳಿಬಿದ್ದು ಮಗು ಮಂಕಾದರೆ, ಕುಡಿಯದಿದ್ದರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಕೂಡಲೇ ದವಾಖಾನೆಗೆ.

ಒಂದು ತಿಂಗಳಾದರೂ ಮಗು ಬೆಚ್ಚಿ ಬೀಳುವುದು ನಿಲ್ಲದಿದ್ದರೆ, ಮಾತು ಕಡಿಮೆಯಾಗಿ ಆಟ ಬಿಟ್ಟಿದ್ದರೆ ಧಾರವಾಡದ ಮಾನಸಿಕ ಆರೋಗ್ಯದ ದವಾಖಾನೆ ಡಿಮ್ಹಾನ್ಸ್‌ಗೆ ತೋರಿಸಿ. ಮಾತೇ ನಿಂತುಹೋಗಿದ್ದರೆ ತಿಂಗಳು ಕಾಯಬೇಡಿ. ಹೋಗಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಿದ್ದೆಗೆಟ್ಟ ಅವ್ವಂದಿರಿಗೂ ಅದೇ ನಂಬರ್.