ಅಡಿಕೆ ಸುದ್ದಿ ಸ್ಲ್ಯಾಕ್‌ಗೆ ತಾನಾಗೇ ಬರಲಿ: ಕೋಡ್ ಬರೆಯದೆ ಮಾಡುವ ವಿಧಾನ

ಶಿವಮೊಗ್ಗದಲ್ಲಿ ಅಡಿಕೆ ಖರೀದಿ ಮಾಡುವ ಕಚೇರಿ ನಮ್ಮದು. ಲೆಕ್ಕ, ಕಂಪ್ಯೂಟರ್ ಎರಡೂ ನಾನೇ ನೋಡಿಕೊಳ್ಳುತ್ತೇನೆ. ತೀರ್ಥಹಳ್ಳಿ, ಸಾಗರ, ಹೊಸನಗರದಲ್ಲಿ ನಮ್ಮ ಹುಡುಗರು ಇದ್ದಾರೆ. ಮಾತುಕತೆ ಎಲ್ಲಾ ಸ್ಲ್ಯಾಕ್ ಅನ್ನುವ ಕಚೇರಿ ಚಾಟ್ ಆ್ಯಪ್‌ನಲ್ಲಿ. "ಅಕ್ಕಾ, ಆಮದು ಬಗ್ಗೆ ಏನೋ ಹೊಸ ಆದೇಶ ಬಂದಿದ್ಯಂತೆ, ಹೌದಾ?" "ಎಲೆಚುಕ್ಕೆ ರೋಗಕ್ಕೆ ಇಲಾಖೆಯವರು ಏನು ಹೇಳಿದ್ದಾರೆ?" ದಿನಾ ಇಂಥವೇ ಪ್ರಶ್ನೆ. ಒಂದೇ ವಿಷಯ ನಾಲ್ಕು ಊರಲ್ಲಿ ನಾಲ್ಕು ಜನ ಹುಡುಕುತ್ತಾರೆ. ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗೆ ಗೊತ್ತಾಗುವುದೇ ಇಲ್ಲ. ಹುಡುಕಾಟವನ್ನೇ ಸ್ಲ್ಯಾಕ್ ಒಳಗೆ ತಂದರೆ ಉತ್ತರ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾವು ಹಾಗೇ ಮಾಡಿಕೊಂಡಿದ್ದೇವೆ.

ಮೊದಲು ಯಾವ ಸಾಧನ ಅನ್ನೋದು. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಮಾಹಿತಿಯನ್ನು ತಾನಾಗೇ ಸಾಗಿಸುವ ಝೇಪಿಯರ್, ಮೇಕ್, ಎನ್‌ಎಯ್ಟ್‌ಎನ್ ಮೂರರಲ್ಲೂ ಈ ಕೆಲಸ ಆಗುತ್ತದೆ. ಎನ್‌ಎಯ್ಟ್‌ಎನ್ ಅನ್ನು ನಮ್ಮದೇ ಕಂಪ್ಯೂಟರಿನಲ್ಲಿ ಉಚಿತವಾಗಿ ಓಡಿಸಬಹುದು. ಆದರೆ ಜುಲೈ ಮಳೆಯಲ್ಲಿ ಮಲೆನಾಡಿನ ಕರೆಂಟ್ ನಂಬಿಕೊಂಡು ಕಚೇರಿಯ ಕಂಪ್ಯೂಟರ್ ಮೇಲೆ ಇಂಥದ್ದನ್ನು ಕೂರಿಸೋದು ಬೇಡ ಅಂತ ನನ್ನ ಅಭಿಪ್ರಾಯ. ಮೇಕ್ ಅವರದೇ ಸರ್ವರ್‌ನಲ್ಲಿ ಓಡುತ್ತದೆ. ಇಲ್ಲಿ ಮರ ಬಿದ್ದು ಲೈನ್ ಹೋದರೂ ಅಲ್ಲಿ ಕೆಲಸ ನಿಲ್ಲುವುದಿಲ್ಲ. ಉಚಿತ ಖಾತೆಯಲ್ಲಿ ತಿಂಗಳಿಗೆ 1000 ಕ್ರೆಡಿಟ್ (ಒಂದು ಹಂತ ಒಮ್ಮೆ ಓಡಿದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್), ಚಾಲೂ ಇಡಲು 2 ಸಿನಾರಿಯೊ, ಅಂದರೆ ಒಂದರ ಹಿಂದೊಂದು ಓಡುವ ಹಂತಗಳ ಸರಪಳಿ. ನಮಗೆ ಬೇಕಾದದ್ದೂ ಎರಡೇ. ಒಂದು ಬೆಳಗಿನ ಸುದ್ದಿಗೆ, ಇನ್ನೊಂದು ಕೇಳಿದಾಗ ಹುಡುಕಿಕೊಡೋದಕ್ಕೆ.

ಬೆಳಗಿನ ಸುದ್ದಿಯಿಂದ ಶುರು ಮಾಡಿ, ಅದು ಸುಲಭ. ಹೊಸ ಸುದ್ದಿ ಬಂದಾಗ ತಿಳಿಸುವ ಗೂಗಲ್ ಅಲರ್ಟ್ಸ್ ತೆರೆದು ಹುಡುಕುವ ಪದ ಹಾಕಿ. ಒಂದು ವಿಷಯ ನೆನಪಿಡಿ: ಕೆಲವು ಪತ್ರಿಕೆಗಳು 'ಅಡಿಕೆ' ಅಂತ ಬರೆದರೆ ಇನ್ನು ಕೆಲವು 'ಅಡಕೆ' ಅಂತ ಬರೆಯುತ್ತವೆ. ಎರಡನ್ನೂ ಹಾಕಿ, ನಡುವೆ 'ಆರ್' ಎಂಬುದನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಅರ್ಧ ಸುದ್ದಿ ತಪ್ಪಿಹೋಗುತ್ತದೆ. ಬೇಡದ ಪದಕ್ಕಿಂತ ಮೊದಲು, ಅದಕ್ಕೆ ಅಂಟಿಸಿ ಮೈನಸ್ ಗುರುತು ಹಾಕಿದರೆ ಅಂಥ ಸುದ್ದಿ ಬಿಟ್ಟುಹೋಗುತ್ತದೆ. ಅಡಿಕೆ ಕಳ್ಳತನದ ಸುದ್ದಿ ಜಾಸ್ತಿ ಬರುತ್ತದೆ ಅಂತ ಅದನ್ನು ತೆಗೆಯಲು ಹೋಗಬೇಡಿ. ಗೋದಾಮು ಇರುವವರಿಗೆ ಅದೂ ಬೇಕು. ಭಾಷೆಯ ಜಾಗದಲ್ಲಿ ಯಾವ ಭಾಷೆಯಾದರೂ ಸರಿ ಅನ್ನುವುದನ್ನು ಆರಿಸಿ. ಎಲ್ಲಿಗೆ ಕಳಿಸಬೇಕು ಅನ್ನುವಲ್ಲಿ ಇಮೇಲ್ ಬದಲು ಆರ್‌ಎಸ್‌ಎಸ್ ಫೀಡ್ (ಬೇರೆ ಸಾಫ್ಟ್‌ವೇರ್ ಓದಬಲ್ಲ ಸುದ್ದಿಪಟ್ಟಿ) ಅಂತ ಕೊಡಿ. ಆಮೇಲೆ ಕಾಣುವ ಫೀಡ್ ಗುರುತನ್ನು ಒತ್ತಿ ಅದರ ವಿಳಾಸ ಕಾಪಿ ಮಾಡಿಕೊಳ್ಳಿ.

ಮೇಕ್‌ನಲ್ಲಿ ಹೊಸ ಸಿನಾರಿಯೊ ತೆರೆದು ಮೊದಲ ಮಾಡ್ಯೂಲ್ (ಹಂತ) ಆಗಿ ಆರ್‌ಎಸ್‌ಎಸ್ ಹಾಕಿ, ಆ ವಿಳಾಸ ಅಂಟಿಸಿ. ಒಂದು ಸಲಕ್ಕೆ 10 ಸುದ್ದಿ ಸಾಕು. ಅದರ ಮುಂದೆ ಟೆಕ್ಸ್ಟ್ ಅಗ್ರಿಗೇಟರ್, ಕೊನೆಗೆ ಸ್ಲ್ಯಾಕ್. ನಡುವಿನ ಅಗ್ರಿಗೇಟರ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ 10 ಸುದ್ದಿಗೆ 10 ಮೆಸೇಜ್. ಎಲ್ಲರ ಮೊಬೈಲೂ 10 ಸಲ ಬಡಿದುಕೊಳ್ಳುತ್ತದೆ, ಮೂರನೇ ದಿನಕ್ಕೆ ಚಾನೆಲ್ಲನ್ನೇ ಮ್ಯೂಟ್ ಮಾಡಿಬಿಡುತ್ತಾರೆ. ಅಗ್ರಿಗೇಟರ್ ಎಲ್ಲವನ್ನೂ ಸೇರಿಸಿ ಒಂದೇ ಮೆಸೇಜ್ ಮಾಡುತ್ತದೆ. ಅದರೊಳಗೆ ಶೀರ್ಷಿಕೆ, ದಿನಾಂಕ, ಲಿಂಕ್ ಮೂರೇ ಇರಲಿ. ಸ್ಲ್ಯಾಕ್ ಮಾಡ್ಯೂಲಿನಲ್ಲಿ ಲಿಂಕ್ ಪ್ರಿವ್ಯೂ ಬೇಡ ಅಂತ ಕೊಡಿ. ಸುಮ್ನೆ ಚಿತ್ರಗಳು ಬಂದು ಪರದೆ ತುಂಬುತ್ತದೆ.

ಸಮಯ ಬೆಳಿಗ್ಗೆ 7 ಗಂಟೆ ಅಂತ ಇಡಿ. ಮೇಕ್‌ನ ಸೆಟ್ಟಿಂಗಿನಲ್ಲಿ ಟೈಮ್ ಝೋನ್ ಕೋಲ್ಕತಾ ಇದೆಯಾ ಅಂತ ಅದಕ್ಕೂ ಮೊದಲೇ ನೋಡಿಕೊಳ್ಳಿ. 15 ನಿಮಿಷಕ್ಕೊಮ್ಮೆ ಓಡಿಸೋಣ ಅಂತ ಆಸೆ ಆಗುತ್ತದೆ, ಬೇಡ. ದಿನಕ್ಕೆ 96 ಸಲ ಆಯ್ತು, ತಿಂಗಳಿಗೆ 2880. ಹೊಸ ಸುದ್ದಿ ಇಲ್ಲದಿದ್ದರೂ ನೋಡಿ ಬಂದಿದ್ದಕ್ಕೇ ಕ್ರೆಡಿಟ್ ಹೋಗುತ್ತದೆ. ದಿನಕ್ಕೊಂದು ಸಲ ಆದರೆ ತಿಂಗಳಿಗೆ 100 ಕ್ರೆಡಿಟ್ ಒಳಗೇ ಮುಗಿಯುತ್ತದೆ.

ಈಗ ಎರಡನೆಯದು. ಹುಡುಗರು ಕೇಳಿದಾಗ ಹುಡುಕಿಕೊಡೋದು. ಇದಕ್ಕೆ ನಾವು ಟಾವಿಲಿ ಬಳಸುತ್ತೇವೆ. ಬೇರೆ ಸಾಫ್ಟ್‌ವೇರ್‌ಗಳು ಕೇಳಿದಾಗ ವೆಬ್ ಹುಡುಕಿ ಕೊಡೋದೇ ಅದರ ಕೆಲಸ. ಅದರಲ್ಲೂ ತಿಂಗಳಿಗೆ 1000 ಕ್ರೆಡಿಟ್ ಉಚಿತ, ಸಾದಾ ಹುಡುಕಾಟಕ್ಕೆ ಒಂದು ಕ್ರೆಡಿಟ್. ಖಾತೆ ತೆರೆದು ಕೀ (ಪಾಸ್‌ವರ್ಡ್‌ನಂಥ ಗುಟ್ಟಿನ ಸಂಕೇತ) ತೆಗೆದುಕೊಳ್ಳಿ.

ಮೇಕ್‌ನಲ್ಲಿ ಎರಡನೇ ಸಿನಾರಿಯೊ ತೆರೆದು ಕಸ್ಟಮ್ ವೆಬ್‌ಹುಕ್ (ಹೊರಗಿನಿಂದ ಬರುವ ಕೋರಿಕೆಯನ್ನು ಸ್ವೀಕರಿಸುವ ಬಾಗಿಲು) ಹಾಕಿ. ಒಂದು ವಿಳಾಸ ಸಿಗುತ್ತದೆ. ಸ್ಲ್ಯಾಕ್‌ನ ಡೆವಲಪರ್ ಪುಟಕ್ಕೆ ಹೋಗಿ ಹೊಸ ಆ್ಯಪ್ ಮಾಡಿ, ಅದರಲ್ಲಿ ಸ್ಲ್ಯಾಶ್ ಕಮಾಂಡ್ (ಚಾಟ್‌ನಲ್ಲಿ / ಗುರುತು ಹಾಕಿ ಬರೆಯುವ ಆಜ್ಞೆ) ಸೇರಿಸಿ, ಆ ವಿಳಾಸ ಕೊಡಿ. ನಮ್ಮ ಕಮಾಂಡಿನ ಹೆಸರು 'ಹುಡುಕು', ಇಂಗ್ಲಿಷ್ ಅಕ್ಷರದಲ್ಲಿ. ಆ್ಯಪ್ ಇನ್‌ಸ್ಟಾಲ್ ಮಾಡಿದ ಮೇಲೆ ಮೇಕ್ ಕಾಯುತ್ತಿರುವಾಗಲೇ ಒಂದು ಸಲ ಕಮಾಂಡ್ ಕಳಿಸಿ. ಯಾವ ಪದ, ಯಾವ ಚಾನೆಲ್ ಅನ್ನೋದನ್ನು ಅದು ಆಗಲೇ ಗುರುತಿಸಿಕೊಳ್ಳುತ್ತದೆ.

ಇಲ್ಲಿ ಎಡವುವ ಜಾಗ ಒಂದಿದೆ. ಸ್ಲ್ಯಾಕ್ 3 ಸೆಕೆಂಡಿನೊಳಗೆ ಉತ್ತರ ಬಯಸುತ್ತದೆ. ಹುಡುಕಾಟ ಮುಗಿಯೋವರೆಗೂ ಕಾದರೆ ಕಮಾಂಡ್ ವಿಫಲ ಅಂತ ತೋರಿಸಿಬಿಡುತ್ತದೆ. ಅದಕ್ಕೆ ವೆಬ್‌ಹುಕ್ ಆದ ಕೂಡಲೇ ವೆಬ್‌ಹುಕ್ ರೆಸ್ಪಾನ್ಸ್ ಇಟ್ಟು "ಹುಡುಕ್ತಾ ಇದ್ದೀನಿ, ತಡೀರಿ" ಅಂತ ಬರೆಯಿರಿ. ಆಮೇಲೆ ಟಾವಿಲಿ, ಸಿಕ್ಕಿದ್ದನ್ನು ಒಂದೊಂದಾಗಿ ಬಿಡಿಸುವ ಇಟರೇಟರ್, ಅಗ್ರಿಗೇಟರ್, ಸ್ಲ್ಯಾಕ್. ಕಮಾಂಡ್ ಜೊತೆ ಬಂದ ಚಾನೆಲ್ ಐಡಿಯನ್ನೇ ಸ್ಲ್ಯಾಕ್ ಮಾಡ್ಯೂಲಿಗೆ ಕೊಟ್ಟರೆ ಕೇಳಿದ ಜಾಗದಲ್ಲೇ ಉತ್ತರ ಬೀಳುತ್ತದೆ.

ಟಾವಿಲಿಯ ಸೆಟ್ಟಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಇಡೀ ಕೆಲಸದ ಜೀವ ಅಲ್ಲಿದೆ. ಅಡಿಕೆಯ ಕನಿಷ್ಠ ಆಮದು ಬೆಲೆ ಅಂತ ಹುಡುಕಿ ನೋಡಿ. 2017ರ 251 ರೂಪಾಯಿಯ ಸುದ್ದಿಯೂ ಇದೆ, 2023ರ ಫೆಬ್ರವರಿಯಲ್ಲಿ ಅದನ್ನು ಕೆಜಿಗೆ 351 ಮಾಡಿದ ಸುದ್ದಿಯೂ ಇದೆ. ದಿನಾಂಕ ಇಲ್ಲದೆ ಎರಡೂ ಒಟ್ಟಿಗೆ ಬಿದ್ದರೆ ತೀರ್ಥಹಳ್ಳಿಯ ಹುಡುಗ ಯಾವುದನ್ನು ನಂಬಬೇಕು? ಹಾಗಾಗಿ ಟಾಪಿಕ್ ಅನ್ನು 'ನ್ಯೂಸ್' ಮಾಡಿ, ಆಗ ಪ್ರಕಟವಾದ ದಿನಾಂಕ ಜೊತೆಗೇ ಬರುತ್ತದೆ. ಕಾಲಾವಧಿ ಒಂದು ವಾರ ಇಡಿ. ಫಲಿತಾಂಶ ಐದು. ಪ್ರತಿ ಸಾಲಿನಲ್ಲೂ ದಿನಾಂಕವನ್ನು ಶೀರ್ಷಿಕೆಗಿಂತ ಮೊದಲು ಹಾಕಿ. ಆದೇಶ ನಿಜವೋ ಅಲ್ಲವೋ ಅಂತ ನೋಡುವಾಗ ಡೊಮೇನ್ ಜಾಗದಲ್ಲಿ ಡಿಜಿಎಫ್‌ಟಿ (ಆಮದು-ರಫ್ತು ಆದೇಶ ಹೊರಡಿಸುವ ಕೇಂದ್ರ ಸರ್ಕಾರದ ಕಚೇರಿ) ವೆಬ್‌ಸೈಟ್ ಒಂದನ್ನೇ ಕೊಟ್ಟು, ಟಾಪಿಕ್ ಅನ್ನು 'ಜನರಲ್' ಮಾಡಿ, ಕಾಲಾವಧಿ ತೆಗೆದು ಹುಡುಕಿ.

ಟಾವಿಲಿ ತಾನೇ ಒಂದು ಚಿಕ್ಕ ಉತ್ತರ ಬರೆದುಕೊಡುವ ಆಯ್ಕೆಯೂ ಇದೆ. ಅದನ್ನು ಆಫ್ ಮಾಡಿ. ನಮ್ಮಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ತರಕ್ಕೂ ಬೇರೆ ಬೇರೆ ದರ. ಶಿರಸಿಯಲ್ಲಿ ಚಾಲಿ, ಕೆಂಪುಗೋಟು, ಬಿಳೆಗೋಟು ಬೇರೆ. ಮಾರುಕಟ್ಟೆ ಯಾವುದು, ತರ ಯಾವುದು ಅಂತ ಬಿಡಿಸದೆ 'ಅಡಿಕೆ ದರ ಇಷ್ಟು' ಅಂದರೆ ಅದರಿಂದ ಯಾರಿಗೂ ಉಪಯೋಗವಿಲ್ಲ, ನಂಬಿ ಮಾತು ಕೊಟ್ಟರೆ ನಷ್ಟ. ಬೆಳೆಗಾರರ ವರ್ಷದ ದುಡಿಮೆಯ ಮೇಲೆ ಮಾತಾಡುತ್ತಿದ್ದೇವೆ, ಅಲ್ವಾ? ದರವನ್ನು ವೆಬ್ ಹುಡುಕಾಟದಿಂದ ತೆಗೆಯಲೇಬೇಡಿ. ರಾಜ್ಯದ ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆವಾರು ದರ ಸಿಗುತ್ತದೆ. ನಾವು ಅದರ ಲಿಂಕನ್ನು ಚಾನೆಲ್ಲಿನ ತಲೆಯಲ್ಲಿ ಪಿನ್ ಮಾಡಿದ್ದೇವೆ.

ಒಂದು ಪ್ರಶ್ನೆಗೆ ಮೇಕ್‌ನಲ್ಲಿ ಸುಮಾರು 6 ಕ್ರೆಡಿಟ್ ಖರ್ಚು. ಬೆಳಗಿನ ಸುದ್ದಿಯ ಖರ್ಚು ಕಳೆದರೂ ತಿಂಗಳಿಗೆ 150 ಪ್ರಶ್ನೆಗೆ ಸಾಕು. ನಮ್ಮಂಥ ಕಚೇರಿಗೆ ಅಷ್ಟು ಧಾರಾಳ.

ವೆಬ್‌ಹುಕ್ ವಿಳಾಸ ಮತ್ತು ಟಾವಿಲಿ ಕೀಯನ್ನು ಚಾನೆಲ್ಲಿನಲ್ಲಿ ಹಾಕಬೇಡಿ, ಸ್ಕ್ರೀನ್‌ಶಾಟ್‌ನಲ್ಲೂ ಬರದಂತೆ ನೋಡಿಕೊಳ್ಳಿ. ಸಿಕ್ಕವರು ನಿಮ್ಮ ಲೆಕ್ಕದಲ್ಲಿ ಹುಡುಕುತ್ತಾರೆ. ಮೇಕ್, ಟಾವಿಲಿ, ಗೂಗಲ್ ಅಲರ್ಟ್ಸ್ ಮೂರನ್ನೂ ಕಚೇರಿಯ ಇಮೇಲ್‌ನಿಂದ ತೆರೆಯಿರಿ, ಸ್ವಂತದ್ದರಿಂದ ಬೇಡ. ನಾಳೆ ಆ ಕುರ್ಚಿಯಲ್ಲಿ ಬೇರೆಯವರು ಕೂತರೂ ಪಾಸ್‌ವರ್ಡ್ ಕೈಗೆ ಸಿಗಬೇಕು.